ಒಂದು ಮುಷ್ಟಿ, ನನ್ನ ಲೆಕ್ಕಕ್ಕ

ತಿಕೋಟಾದಾಚೆ, ಹಸಿರು ಬಲೆ ಹೊದ್ದ ಶೆಡ್ಡಿನಾಗ
ಹದಿನೇಳನೇ ರೋಜಾ.
ಹನ್ನೊಂದು ಅಂತಸ್ತಿನ ಜಾಳಿಗಿ ಮ್ಯಾಲೆ
ದ್ರಾಕ್ಷಿ ತನ್ನ ನೀರು ಬಿಟ್ಟುಕೊಡತಿತ್ತು.
ಕೆಳಗ ನಾವು ಹನ್ನೆರಡು ಹೆಂಗಸರು
ಒಣಗಿದ್ದನ್ನ ಆರಿಸತಿದ್ವಿ,
ಹಸಿರಂದು ಒಂದು ಡಬ್ಬಿಗೆ, ಹಳದೀದು ಒಂದಕ್ಕ,
ಕರ್ರಗಾದದ್ದು ಕಾಲ ಬುಡಕ್ಕ.

ಬೆರಳಿಗೆಲ್ಲ ಸಿಹಿ ಅಂಟು.
ನೊಣ ಬಂದು ಕೂತು ನೆಕ್ಕತಾವ,
ಅವಕ್ಕ ರೋಜಾ ಇಲ್ಲ.

ಮುಂಜಾನೆ ಹತ್ತಕ್ಕ ಅದು ಬಂತು,
ಬಾಡಿಗಿ ಕೊಡಲಾರದ ನನ್ನೊಳಗ ಇರೂ ನಫ್ಸು:
'ಒಂದ ಒಂದು. ನಾಲಿಗಿ ಕೆಳಗ ಇಟ್ಕೋ.
ಯಾರ ನೋಡ್ತಾರ? ಬಾಳವ್ವ ಆ ಕಡೆ ಮಾರಿ ಮಾಡ್ಯಾಳ.'
ನಾ ಅಂದೆ: ನೋಡಾಂವ ನೋಡ್ತಾನ, ಅದು ಇರ್ಲಿ,
ಈ ಕಾಳು ನಂದಲ್ಲ, ಸಿದಗೊಂಡಪ್ಪಂದು.
ರೋಜಾ ಮುರಿಯೂಕಿಂತ ಮೊದಲ ಕಳ್ಳತನ ಆಗ್ತದ.
ಅದು ಸುಮ್ಮನಾತು. ಅದಕ್ಕೂ ಲೆಕ್ಕ ತಿಳೀತದ.

ನಮ್ಮಜ್ಜ ಲಾಡ್ಲೇಸಾಬ, ಆಡು ಕಾಯ್ದಾಂವ,
ಯಾವದೋ ಮೌಲ್ವಿ ಬಾಯಾಗ ಕೇಳಿದ್ದನಂತ:
ಅಕಲ್ ಅಂದ್ರ ದೀಪ ಅಂತಾರ ಮಂದಿ. ಅಲ್ಲ.
ಒಂಟಿ ಮೊಣಕಾಲಿಗೆ ಅರಬರು ಬಿಗಿಯೂ ಹಗ್ಗ ಅದ ನೋಡು,
ಅದಕ್ಕೂ ಇದಕ್ಕೂ ಬೇರು ಒಂದ.
ಅಜ್ಜ ಒಂಟಿ ಕಂಡಾಂವಲ್ಲ. ತನ್ನ ಆಡಿನ ಮ್ಯಾಲೆ ಹೇಳತಿದ್ದ:
ಪಕ್ಕದವರ ಗೋವಿನಜೋಳಕ್ಕ ಬಾಯಿ ನಿಲುಕಬಾರದು,
ಗೂಟದ ಸುತ್ತಿನ ಹುಲ್ಲಿಗೆ ನಿಲುಕಬೇಕು,
ಅಷ್ಟುದ್ದ ಬಿಡು.
ಕೊರಳಿಗೆ ಉರುಲಾದರ ಅದಕ್ಕ ಹಗ್ಗ ಅನಬ್ಯಾಡ.

ನನಗ ಸಕ್ಕರಿ ಬ್ಯಾನಿ, ಆರು ವರ್ಷಾತು.
ದವಾಖಾನಿ ಬಾಯಿ ಮೊದಲ ಹೇಳಿದ್ಲು,
'ದಾವಲಬಿ, ಈ ಸಲ ಬ್ಯಾಡ.'
ಓಣಿ ಆಪಾನೂ ಹೇಳಿದ್ಲು,
'ರೋಗಿಗೆ ರಿಯಾಯಿತಿ ಅದ. ಬಡವರಿಗೆ ಉಣಿಸು, ಸಾಕು.'
ಇಬ್ಬರಿಗೂ ತಲಿ ಅಲ್ಲಾಡಿಸಿ ಬಂದು
ಸಹ್ರಿಗೆ ಎರಡು ರೊಟ್ಟಿ ತಿಂದು ನಿಯತ್ತು ಮಾಡಿದ್ದೆ.

ಅಸರ್ ಬಾಂಗ್ ಆದ ಮ್ಯಾಲೆ
ಬೆರಳು ನಡುಗಾಕ ಹತ್ತಿದವು.
ಹಳದೀನ ಹಸಿರಿನ ಡಬ್ಬಿಗೆ ಹಾಕಿದೆ.
ಬೆನ್ನಾಗ ತಣ್ಣನ್ನ ಬೆವರು, ಕಿವ್ಯಾಗ ಜೀರುಂಡಿ.
ಆಗ ಮತ್ತ ಬಂತು ದನಿ,
ಈ ಸಲ ಬಿಳೇ ದುಪಟ್ಟಾ ಹೊದ್ದು, ತಸಬಿ ಹಿಡಕೊಂಡು:
'ಇನ್ನ ಒಂದೂವರಿ ತಾಸು. ತಡಕೋ.
ಇಪ್ಪತ್ತೆರಡು ವರ್ಷ ಒಂದೂ ಬಿಟ್ಟಾಕಿ ಅಲ್ಲ ನೀ.
ಸೊಸಿ ಏನಂದಾಳು? ಓಣಿ ಏನಂದೀತು?
ರೋಜಾದಾಗ ಸತ್ತರ ಎಂಥಾ ಸಾವು!'

ಎಷ್ಟು ಚಂದ ಮಾತಾಡ್ತು ಅಂದ್ರ
ಒಂದು ಗಳಿಗಿ ನಾ ಅದನ್ನ ಅಕಲ್ ಅಂತನ ತಿಳದೆ.
ಆಮ್ಯಾಲೆ ದನಿ ಗುರ್ತ ಸಿಕ್ತು.
ಮುಂಜಾನೆ 'ಯಾರ ನೋಡ್ತಾರ' ಅಂದದ್ದು
ಸಂಜಿಗೆ 'ಎಲ್ಲಾರೂ ನೋಡ್ತಾರ' ಅಂತಿತ್ತು.
ಎರಡರಾಗೂ ಅಲ್ಲಾನ ಹೆಸರಿರಲಿಲ್ಲ.

ಬಿಸ್ಮಿಲ್ಲಾ ಅಂದೆ.
ಒಂದಲ್ಲ, ಒಂದು ಮುಷ್ಟಿ,
ಬಾಗಿಲ ಬೆಳಕಿಗೆ ಸರದು, ಎಲ್ಲಾರ ಎದುರಿಗೆ ತಿಂದೆ.
ಬಾಳವ್ವ ತಂಬಿಗಿ ಹಿಡದು ಓಡಿ ಬಂದ್ಲು,
ಏನೂ ಕೇಳಲಿಲ್ಲ, ಸೆರಗಿಲೆ ಗಾಳಿ ಹಾಕಿದ್ಲು.
ಅಳು ಬಂತು. ಸಿಹಿಗೋ, ಸೋತದ್ದಕ್ಕೋ, ಬದುಕಿದ್ದಕ್ಕೋ,
ಅದರ ಲೆಕ್ಕ ಇನ್ನೂ ಹತ್ತಿಲ್ಲ.

ಹಗ್ಗ ಸಡಲಿಸೂದೂ ಕಟ್ಟಿದ ಕೈಯಿಂದನ ಆಗಬೇಕು,
ಅಜ್ಜ ಅಂದಿದ್ದನೋ, ಈಗ ನಾನ ಅಂತಿದ್ದೀನೋ.

ಪಗಾರದ ಹೊತ್ತಿಗೆ ಸಿದಗೊಂಡಪ್ಪನ ಮುಂದ ನಿಂತೆ:
'ಒಂದು ಮುಷ್ಟಿ ತಿಂದೀನ್ರಿ ಸಾವಕಾರ, ಹಳದೀದು, ಒಂದನೇ ನಂಬರಿಂದು.
ನನ್ನ ಲೆಕ್ಕಕ್ಕ ಬರಕೋರಿ.'
ಅಂವಾ ನಕ್ಕ. 'ಹೋಗ ಬೇ, ಒಂದು ಮುಷ್ಟಿಗೆ!'
ನಾ ನಿಂತ ಇದ್ದೆ.
ಕಡಿಗೆ ಪೆನ್ನು ತಗದು
ನನ್ನ ಹೆಸರಿನ ಮುಂದ ಏನೋ ಗೀಚಿದ.
ಓದಾಕ ಬರಂಗಿಲ್ಲ ನನಗ.
ಗೀಚಿದ್ದು ಕಂಡೆ, ಸಾಕಾತು.
ಅಂಟು ಕೈ ತೊಳಕೊಂಡು
ಮಗ್ರಿಬ್ಬಿಗೆ ಮನಿ ಕಡೆ ನಡದೆ.